ಆರೋಗ್ಯ ವಿಮೆ: ಕರ್ನಾಟಕದ ಯೋಜನೆಗಳ ಬಗೆಗಳು ಮತ್ತು ಆಯ್ಕೆ

ಆರೋಗ್ಯ ವಿಮೆ ಎಂಬುದು ಕಾಯಿಲೆ, ಅಪಘಾತ, ಹೆರಿಗೆ ಮೊದಲಾದವುಗಳ ಚಿಕಿತ್ಸಾ ವೆಚ್ಚವನ್ನು, ಅನೇಕರಿಂದ ಅಥವಾ ಸರ್ಕಾರದಿಂದ ಮುಂಚಿತವಾಗಿ ಸಂಗ್ರಹವಾದ ನಿಧಿಯಿಂದ, ಗೊತ್ತುಪಡಿಸಿದ ನಿಯಮ ಮತ್ತು ಮಿತಿಗಳಿಗೆ ಒಳಪಟ್ಟು ಭರಿಸುವ ವ್ಯವಸ್ಥೆ. ನಿಧಿಗೆ ಹಣ ಕೊಡುವವರು ಯಾರು, ಸೇರಲು ಅರ್ಹರು ಯಾರು, ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ದೊರೆಯುತ್ತದೆ ಎಂಬುದನ್ನು ಅನುಸರಿಸಿ ಇದರಲ್ಲಿ ಹಲವು ಬಗೆಗಳಿವೆ. ಕರ್ನಾಟಕದಲ್ಲಿ ಇವನ್ನು ಐದು ಗುಂಪುಗಳಾಗಿ ವಿಂಗಡಿಸಬಹುದು: ಸರ್ಕಾರವೇ ವೆಚ್ಚ ಭರಿಸುವ ಆರೋಗ್ಯ ಭದ್ರತಾ ಯೋಜನೆ, ಸಹಕಾರಿ ಯೋಜನೆ, ಕಾರ್ಮಿಕರ ರಾಜ್ಯ ವಿಮೆ, ಸರ್ಕಾರಿ ನೌಕರರ ಯೋಜನೆ ಮತ್ತು ವಿಮಾ ಕಂಪನಿಗಳ ಪಾಲಿಸಿ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮಗಳಲ್ಲಿ ಈ ಎಲ್ಲ ಗುಂಪುಗಳಿಗೆ ಸೇರಬಲ್ಲ ಕುಟುಂಬಗಳಿವೆ. ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೆಸರಾದ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಂಥ ಊರಿನಲ್ಲಿ ಒಂದೇ ಮನೆಯವರು ಪಡಿತರ ಚೀಟಿಯ ಮೂಲಕ ಒಂದು ಯೋಜನೆಗೂ, ಹಾಲಿನ ಡೇರಿಯ ಸದಸ್ಯತ್ವದ ಮೂಲಕ ಇನ್ನೊಂದಕ್ಕೂ, ಕಾರ್ಖಾನೆಯ ಉದ್ಯೋಗದ ಮೂಲಕ ಮತ್ತೊಂದಕ್ಕೂ ಅರ್ಹರಾಗಿರಲು ಸಾಧ್ಯವಿದೆ.

ಉಗಮ ಮತ್ತು ಬೆಳವಣಿಗೆ

ಕಡ್ಡಾಯ ಆರೋಗ್ಯ ವಿಮೆಯ ಮೊದಲ ರಾಷ್ಟ್ರೀಯ ಕಾನೂನು 1883ರಲ್ಲಿ ಜರ್ಮನಿಯಲ್ಲಿ, ಬಿಸ್ಮಾರ್ಕ್‌ನ ಆಡಳಿತದಲ್ಲಿ ಜಾರಿಯಾಯಿತು. ಮಾಲೀಕರೂ ಕಾರ್ಮಿಕರೂ ಸೇರಿ ವಂತಿಗೆ ಕಟ್ಟುವ ಈ ಪದ್ಧತಿಯನ್ನು ಬ್ರಿಟನ್ 1911ರಲ್ಲಿ ಅಳವಡಿಸಿಕೊಂಡಿತು. 1948ರಲ್ಲಿ ಅದರ ಬದಲಿಗೆ ತೆರಿಗೆಯ ಹಣದಿಂದ ನಡೆಯುವ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಸ್ಥಾಪಿಸಿತು. ಅಮೆರಿಕದಲ್ಲಿ ಖಾಸಗಿ ಕಂಪನಿಗಳ ವಿಮೆ ಪ್ರಧಾನವಾಗಿ ಬೆಳೆಯಿತು.

ಭಾರತದಲ್ಲಿ ಈ ಮೂರು ಮಾದರಿಗಳೂ ಒಟ್ಟಿಗೆ ನೆಲೆಗೊಂಡಿವೆ. 1948ರ ಕಾರ್ಮಿಕರ ರಾಜ್ಯ ವಿಮಾ ಅಧಿನಿಯಮದಂತೆ ರೂಪುಗೊಂಡ ಇಎಸ್‌ಐ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ, 1958ರಲ್ಲಿ ಕರ್ನಾಟಕಕ್ಕೆ ಬಂದಿತು. ಕೇಂದ್ರ ನೌಕರರಿಗಾಗಿ 1954ರಲ್ಲಿ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ ಮೊದಲಾಯಿತು. ಸಾಮಾನ್ಯ ವಿಮಾ ವ್ಯವಹಾರ 1973ರಲ್ಲಿ ರಾಷ್ಟ್ರೀಕರಣಗೊಂಡ ಮೇಲೆ ಸಾರ್ವಜನಿಕ ವಲಯದ ನಾಲ್ಕು ಕಂಪನಿಗಳು 1986ರಲ್ಲಿ ಮೆಡಿಕ್ಲೇಮ್ ಪಾಲಿಸಿಯನ್ನು ಮಾರುಕಟ್ಟೆಗೆ ತಂದವು. 1999ರ ಕಾನೂನಿನಿಂದ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಶಾಸನಬದ್ಧ ಸ್ಥಾನ ದೊರೆಯಿತು. ಖಾಸಗಿ ಕಂಪನಿಗಳಿಗೂ ಪ್ರವೇಶ ಸಿಕ್ಕಿತು. ಆರೋಗ್ಯ ವಿಮೆಯನ್ನೇ ಮುಖ್ಯ ವ್ಯವಹಾರವಾಗಿಸಿಕೊಂಡ ದೇಶದ ಮೊದಲ ಕಂಪನಿ, ಸ್ಟಾರ್ ಹೆಲ್ತ್, 2006ರಲ್ಲಿ ಆರಂಭವಾಯಿತು.

ಕರ್ನಾಟಕದ ವಿಶಿಷ್ಟ ಕೊಡುಗೆ ಯಶಸ್ವಿನಿ ಯೋಜನೆ. ಹೃದ್ರೋಗ ಶಸ್ತ್ರಚಿಕಿತ್ಸಕ ಡಾ. ದೇವಿ ಪ್ರಸಾದ್ ಶೆಟ್ಟಿಯವರ ಪರಿಕಲ್ಪನೆಯಂತೆ ಸಹಕಾರ ಇಲಾಖೆಯ ಮೂಲಕ ರೂಪುಗೊಂಡ ಇದನ್ನು 2002ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಅವಧಿಯಲ್ಲಿ ಉದ್ಘಾಟಿಸಲಾಯಿತು. 2003ರ ಜೂನ್ 1ರಿಂದ ಅದು ಜಾರಿಗೆ ಬಂದಿತು. ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60 ರೂಪಾಯಿ ವಂತಿಗೆಯಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗೆ ಶಸ್ತ್ರಚಿಕಿತ್ಸೆ ಒದಗಿಸಿದ ಈ ಯೋಜನೆಗೆ ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಸ್ವಸಹಾಯ ಸಂಘಗಳ ಕುಟುಂಬಗಳಿಗಾಗಿ 2004ರಲ್ಲಿ ಸಂಪೂರ್ಣ ಸುರಕ್ಷಾ ಎಂಬ ಗುಂಪು ವಿಮೆಯನ್ನು ಆರಂಭಿಸಿತು.

2008ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಡ ಕುಟುಂಬದ ಐವರಿಗೆ ವರ್ಷಕ್ಕೆ 30,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಒಳಗೊಂಡಿತು. ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆಗಳಂಥ ದುಬಾರಿ ಚಿಕಿತ್ಸೆಗಳಿಗಾಗಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ರೂಪಿಸಿ, 2010ರಲ್ಲಿ ಮೊದಲಿಗೆ ಗುಲ್ಬರ್ಗ ವಿಭಾಗದಲ್ಲಿ ಜಾರಿಗೊಳಿಸಿತು. ಅದರ ನಿರ್ವಹಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು. ಅಪಘಾತಕ್ಕೀಡಾದವರ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ 2016ರಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ಬಂದಿತು.

ಹೀಗೆ ಹರಡಿಕೊಂಡಿದ್ದ ಯೋಜನೆಗಳನ್ನು ಒಂದುಗೂಡಿಸಿ 2018ರ ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಯೋಜನೆಯನ್ನು ಆರಂಭಿಸಲಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ರಾಂಚಿಯಲ್ಲಿ ಉದ್ಘಾಟನೆಗೊಂಡಿತು; ಅಕ್ಟೋಬರ್ 30ರಿಂದ ಎರಡನ್ನೂ ಕೂಡಿಸಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಎಂದು ಜಾರಿಗೊಳಿಸಲಾಯಿತು. ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿಯನ್ನು 2022ರ ನವೆಂಬರ್‌ನಲ್ಲಿ ಪುನರಾರಂಭಿಸಲಾಯಿತು. ಅದರ ಚಿಕಿತ್ಸಾ ಸೌಲಭ್ಯ 2023ರ ಜನವರಿ 1ರಿಂದ ದೊರೆಯತೊಡಗಿತು.

ರಚನೆ ಮತ್ತು ಪಾರಿಭಾಷಿಕ ಪದಗಳು

ಯಾವುದೇ ಯೋಜನೆಯಲ್ಲಿ ಮೂರು ಪಕ್ಷಗಳಿರುತ್ತವೆ: ಫಲಾನುಭವಿ, ವೆಚ್ಚ ಭರಿಸುವ ಸಂಸ್ಥೆ ಮತ್ತು ಆಸ್ಪತ್ರೆ. ವೆಚ್ಚ ಭರಿಸುವ ಸಂಸ್ಥೆ ವಿಮಾ ಕಂಪನಿಯಾಗಿದ್ದರೆ ಅದು ವಿಮಾ ಮಾದರಿ; ಸರ್ಕಾರ ನೇರವಾಗಿ ಟ್ರಸ್ಟ್ ಮೂಲಕ ಆಸ್ಪತ್ರೆಗೆ ಹಣ ಕೊಟ್ಟರೆ ಅದು ಭರವಸೆ ಮಾದರಿ. ಕರ್ನಾಟಕದ ಆಯುಷ್ಮಾನ್ ಯೋಜನೆ ಎರಡನೆಯ ಮಾದರಿಯದು. ಕಂಪನಿಯ ಪರವಾಗಿ ಕಾಗದಪತ್ರ ಪರಿಶೀಲಿಸುವ ಮಧ್ಯವರ್ತಿ ಸಂಸ್ಥೆಯನ್ನು ಟಿಪಿಎ ಎನ್ನುತ್ತಾರೆ.

ವಿಮಾ ಕಂತು: ರಕ್ಷಣೆ ಪಡೆಯಲು ನಿಯತವಾಗಿ ಕಟ್ಟುವ ಹಣ, ರೂಢಿಯಲ್ಲಿ ಪ್ರೀಮಿಯಂ.

ವಿಮಾ ಮೊತ್ತ: ಒಂದು ವರ್ಷದಲ್ಲಿ ಯೋಜನೆ ಭರಿಸುವ ಗರಿಷ್ಠ ಹಣ.

ಕಾಯುವ ಅವಧಿ: ಪಾಲಿಸಿ ಆರಂಭವಾದ ಮೇಲೆ ನಿರ್ದಿಷ್ಟ ಕಾಯಿಲೆಗಳಿಗೆ ಹಣ ದೊರೆಯದ ಕಾಲ. ಸಾಮಾನ್ಯವಾಗಿ ಮೊದಲ 30 ದಿನ ಅಪಘಾತದ ಹೊರತು ಬೇರೆ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಪಾಲಿಸಿ ಪಡೆಯುವ ಮುಂಚೆಯೇ ಇದ್ದ ಕಾಯಿಲೆಗೆ ಗರಿಷ್ಠ ಕಾಯುವ ಅವಧಿ 2024ರ ನಿಯಮದಂತೆ 36 ತಿಂಗಳು.

ಸಹಪಾವತಿ: ಒಪ್ಪಿತ ಬಿಲ್ಲಿನಲ್ಲಿ ಫಲಾನುಭವಿಯೇ ಕೊಡಬೇಕಾದ ಶೇಕಡಾವಾರು ಪಾಲು. ಶೇ 5 ಸಹಪಾವತಿ ಇದ್ದರೆ 80,000 ರೂಪಾಯಿ ಬಿಲ್ಲಿಗೆ ಫಲಾನುಭವಿಯ ಪಾಲು 4,000 ರೂಪಾಯಿ.

ಕಡಿತ ಮೊತ್ತ: ಫಲಾನುಭವಿ ಮೊದಲು ಭರಿಸಬೇಕಾದ ನಿಗದಿತ ಹಣ, ಇದಕ್ಕೆ ಮೇಲ್ಪಟ್ಟ ವೆಚ್ಚ ಮಾತ್ರ ವಿಮೆಗೆ ಒಳಪಡುತ್ತದೆ.

ಉಪಮಿತಿ: ಕೊಠಡಿ ಬಾಡಿಗೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮೊದಲಾದ ಒಂದೊಂದು ಬಾಬ್ತಿಗೆ ಪ್ರತ್ಯೇಕವಾಗಿ ವಿಧಿಸಿದ ಮಿತಿ.

ಪ್ಯಾಕೇಜ್ ದರ: ಒಂದು ಚಿಕಿತ್ಸೆಗೆ ಯೋಜನೆ ಮೊದಲೇ ಗೊತ್ತುಪಡಿಸಿದ ಒಟ್ಟು ದರ. ಸರ್ಕಾರಿ ಯೋಜನೆಗಳು ಈ ದರವನ್ನು ಆಧರಿಸಿ ಆಸ್ಪತ್ರೆಗೆ ಹಣ ನೀಡುತ್ತವೆ.

ನಗದುರಹಿತ ಚಿಕಿತ್ಸೆ: ಆಸ್ಪತ್ರೆಯ ಬಿಲ್ಲನ್ನು ಯೋಜನೆಯೇ ನೇರವಾಗಿ ಪಾವತಿಸುವ ಕ್ರಮ, ರೂಢಿಯಲ್ಲಿ ಕ್ಯಾಶ್‌ಲೆಸ್. ರೋಗಿಯ ಕಡೆಯವರು ಮೊದಲು ಹಣ ಕಟ್ಟಿ, ಬಿಲ್ಲು ಸಲ್ಲಿಸಿ ಹಿಂಪಡೆಯುವ ಕ್ರಮಕ್ಕೆ ಮರುಪಾವತಿ ಎಂದು ಹೆಸರು.

ಶಿಫಾರಸು ಪತ್ರ: ತನ್ನಲ್ಲಿ ಲಭ್ಯವಿಲ್ಲದ ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆ ರೋಗಿಯನ್ನು ಮತ್ತೊಂದು ಆಸ್ಪತ್ರೆಗೆ ಕಳುಹಿಸುವಾಗ ಕೊಡುವ ಪತ್ರ, ರೂಢಿಯಲ್ಲಿ ರೆಫರಲ್.

ಬಗೆಗಳು

1. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ

2023ರಿಂದ ಈ ಯೋಜನೆಯ ಪೂರ್ಣ ಹೆಸರು ‘ಆಯುಷ್ಮಾನ್ ಭಾರತ್ – ಪ್ರಧಾನಮಂತ್ರಿ ಜನ ಆರೋಗ್ಯ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ’ ಯೋಜನೆ. ಫಲಾನುಭವಿಗಳು ಕಂತು ಕಟ್ಟಬೇಕಾಗಿಲ್ಲ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಉಳಿದ ಶೇ 70 ರೋಗಿಯದು. ಇವರಿಗೆ ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಪ್ಯಾಕೇಜ್ ದರ 1 ಲಕ್ಷ ರೂಪಾಯಿ ಇರುವ ಚಿಕಿತ್ಸೆಗೆ ಎಪಿಎಲ್ ರೋಗಿ 70,000 ರೂಪಾಯಿ ಕೊಡಬೇಕಾಗುತ್ತದೆ.

ಯೋಜನೆ ಆರಂಭವಾದಾಗ 1,650 ಚಿಕಿತ್ಸಾ ವಿಧಾನಗಳನ್ನು ಒಳಗೊಂಡಿತ್ತು. ಅವನ್ನು ಸರಳ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ (ಉನ್ನತ ತಜ್ಞ ಚಿಕಿತ್ಸೆ) ಮತ್ತು ತುರ್ತು ಚಿಕಿತ್ಸೆ ಎಂದು ವರ್ಗೀಕರಿಸಲಾಗಿದೆ. ಸರಳ ದ್ವಿತೀಯ ಹಂತದ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗೆ ಮೀಸಲು. ಸಂಕೀರ್ಣ ದ್ವಿತೀಯ ಹಾಗೂ ತೃತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದರೆ ಶಿಫಾರಸು ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಈ ಪತ್ರ ಬೇಕಿಲ್ಲ. ಮುಂಚೆಯೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇಲ್ಲ. ಹೊರರೋಗಿ ವಿಭಾಗದ ಸಾಮಾನ್ಯ ತಪಾಸಣೆ ಮತ್ತು ಔಷಧದ ವೆಚ್ಚ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ಕೇಂದ್ರದ ಜನ ಆರೋಗ್ಯ ಯೋಜನೆಯ ಪಟ್ಟಿಯಲ್ಲಿರುವ ಕುಟುಂಬಗಳು ಇತರ ರಾಜ್ಯಗಳ ನೋಂದಾಯಿತ ಆಸ್ಪತ್ರೆಗಳಲ್ಲೂ ಚಿಕಿತ್ಸೆ ಪಡೆಯಬಹುದು. ಆಂಧ್ರಪ್ರದೇಶಕ್ಕೆ ಅಂಟಿಕೊಂಡಿರುವ ಪಾವಗಡ ಮತ್ತು ಮಧುಗಿರಿ ತಾಲ್ಲೂಕುಗಳ ಗಡಿ ಗ್ರಾಮಗಳಿಗೆ ಈ ಅವಕಾಶ ಉಪಯುಕ್ತ. 70 ವರ್ಷ ಮತ್ತು ಮೇಲ್ಪಟ್ಟವರಿಗೆ ಆದಾಯದ ಮಿತಿ ಇಲ್ಲದೆ ರಕ್ಷಣೆ ನೀಡುವ ವಯ ವಂದನಾ ವಿಭಾಗವನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು.

2. ಯಶಸ್ವಿನಿ

ಇದು ಸಹಕಾರ ಸಂಘಗಳ ಸದಸ್ಯರು ಮತ್ತು ಅವರ ಕುಟುಂಬಕ್ಕೆ ಮೀಸಲಾದ, ವಂತಿಗೆ ಆಧಾರಿತ ಯೋಜನೆ. ಪುನರಾರಂಭದ ಬಳಿಕ ಗ್ರಾಮೀಣ ಸಂಘದ ಸದಸ್ಯರ ನಾಲ್ವರವರೆಗಿನ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚುವರಿ ಸದಸ್ಯರಿಗೆ ತಲಾ 100 ರೂಪಾಯಿ ನಿಗದಿಯಾಯಿತು. ನಗರದ ಸಂಘಗಳಿಗೆ ಈ ಮೊತ್ತ ಕ್ರಮವಾಗಿ 1,000 ಮತ್ತು 200 ರೂಪಾಯಿ. ಅಂದರೆ ಐವರಿರುವ ಗ್ರಾಮೀಣ ಕುಟುಂಬ 600 ರೂಪಾಯಿ ಕಟ್ಟಬೇಕು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರ ಭರಿಸುತ್ತದೆ. ಕುಟುಂಬಕ್ಕೆ ವಾರ್ಷಿಕ ಮಿತಿ 5 ಲಕ್ಷ ರೂಪಾಯಿ. ಯೋಜನೆಯೊಂದಿಗೆ ಒಪ್ಪಂದ ಮಾಡಿಕೊಂಡ, ಅಂದರೆ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ಚಿಕಿತ್ಸೆ ನಗದುರಹಿತ.

ಗ್ರಾಮಗಳಲ್ಲಿ ನೋಂದಣಿ ನಡೆಯುವುದು ಹಾಲು ಉತ್ಪಾದಕರ ಸಹಕಾರ ಸಂಘ ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ; ಇವನ್ನು ರೂಢಿಯಲ್ಲಿ ಡೇರಿ, ಸೊಸೈಟಿ ಎಂದು ಕರೆಯುತ್ತಾರೆ. ಪ್ರತಿ ವರ್ಷ ಸಹಕಾರ ಇಲಾಖೆ ಪ್ರಕಟಿಸುವ ಅವಧಿಯೊಳಗೆ ಹೆಸರು ನೋಂದಾಯಿಸಬೇಕು. ಬಿಪಿಎಲ್ ಚೀಟಿ ಇಲ್ಲದ ಮಧ್ಯಮ ಹಿಡುವಳಿದಾರರಿಗೆ ಯಶಸ್ವಿನಿ ಮುಖ್ಯ ಸೌಲಭ್ಯವಾಗಿದೆ: ಆಯುಷ್ಮಾನ್ ಯೋಜನೆಯಲ್ಲಿ ಇವರ ಪಾಲಿಗೆ ಬರುವ ಶೇ 70ರ ಸಹಪಾವತಿ ಇದರಲ್ಲಿಲ್ಲ.

3. ಕಾರ್ಮಿಕರ ರಾಜ್ಯ ವಿಮೆ

ಯೋಜನೆಗೆ ಒಳಪಟ್ಟ ಕಾರ್ಖಾನೆ ಮತ್ತು ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ನೌಕರರಿಗೆ ಇಎಸ್‌ಐ ಕಡ್ಡಾಯ. ಅಂಗವಿಕಲ ನೌಕರರಿಗೆ ಈ ಮಿತಿ 25,000 ರೂಪಾಯಿ. 2019ರ ಜುಲೈನಿಂದ ವಂತಿಗೆಯ ದರ ಮಾಲೀಕರಿಗೆ ವೇತನದ ಶೇ 3.25, ನೌಕರರಿಗೆ ಶೇ 0.75. ತಿಂಗಳಿಗೆ 16,000 ರೂಪಾಯಿ ವೇತನವಿದ್ದರೆ ನೌಕರನ ಪಾಲು 120 ರೂಪಾಯಿ, ಮಾಲೀಕನ ಪಾಲು 520 ರೂಪಾಯಿ.

ಹೊರರೋಗಿ ಚಿಕಿತ್ಸೆ, ಔಷಧ ಮತ್ತು ಒಳರೋಗಿ ಚಿಕಿತ್ಸೆ ಮೂರೂ ಇದರಲ್ಲಿ ಸೇರಿವೆ. ಇವು ಕುಟುಂಬದ ಅವಲಂಬಿತರಿಗೂ ಅನ್ವಯಿಸುತ್ತವೆ. ವೇತನ ನಷ್ಟಕ್ಕೆ ಪರಿಹಾರ ಕೊಡುವುದು ಈ ಯೋಜನೆಯ ವಿಶೇಷ: ನಿಗದಿತ ವಂತಿಗೆ ಸಲ್ಲಿಸಿದ್ದರೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70, ಹೆರಿಗೆಗೆ 26 ವಾರಗಳ ಪೂರ್ಣ ವೇತನ ದೊರೆಯುತ್ತದೆ. ತುಮಕೂರು ಸಮೀಪದ ವಸಂತನರಸಾಪುರ ಕೈಗಾರಿಕಾ ಪ್ರದೇಶದಂಥ ಕಡೆ ಕೆಲಸ ಮಾಡುವವರು ವೇತನ ಮಿತಿಯೊಳಗಿದ್ದರೆ ಇದರ ವ್ಯಾಪ್ತಿಗೆ ಬರುತ್ತಾರೆ. ಉದ್ಯೋಗ ಬಿಟ್ಟ ಮೇಲೆ ರಕ್ಷಣೆ ಸಾಮಾನ್ಯವಾಗಿ ಸಂದಾಯವಾದ ವಂತಿಗೆಗೆ ಅನುಗುಣವಾದ ಸೌಲಭ್ಯಾವಧಿಯೊಂದಿಗೆ ಮುಗಿಯುತ್ತದೆ.

4. ಸರ್ಕಾರಿ ನೌಕರರ ಯೋಜನೆಗಳು

ರಾಜ್ಯ ಸರ್ಕಾರಿ ನೌಕರರಿಗೆ ತೃತೀಯ ಹಂತದ ಚಿಕಿತ್ಸೆಗಾಗಿ ಜ್ಯೋತಿ ಸಂಜೀವಿನಿ, ಪೊಲೀಸ್ ಸಿಬ್ಬಂದಿಗೆ ಆರೋಗ್ಯ ಭಾಗ್ಯ ಯೋಜನೆಗಳು ರೂಪುಗೊಂಡವು. ನಗದುರಹಿತ ಚಿಕಿತ್ಸೆಯ ವ್ಯಾಪ್ತಿಯನ್ನು ಹಿಗ್ಗಿಸಿದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇದರ ಮಾಸಿಕ ವಂತಿಗೆ ಎ ಗುಂಪಿನ ನೌಕರರಿಗೆ 1,000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250 ರೂಪಾಯಿ.

5. ವಿಮಾ ಕಂಪನಿಗಳ ಪಾಲಿಸಿಗಳು

ವೈಯಕ್ತಿಕ ಪಾಲಿಸಿ: ಒಬ್ಬೊಬ್ಬರಿಗೂ ಪ್ರತ್ಯೇಕ ವಿಮಾ ಮೊತ್ತವಿರುತ್ತದೆ.

ಕುಟುಂಬ ಫ್ಲೋಟರ್: ಇಡೀ ಕುಟುಂಬಕ್ಕೆ ಒಂದೇ ವಿಮಾ ಮೊತ್ತ. 5 ಲಕ್ಷ ರೂಪಾಯಿಯ ಫ್ಲೋಟರ್‌ನಲ್ಲಿ ಒಬ್ಬರ ಚಿಕಿತ್ಸೆಗೆ 4 ಲಕ್ಷ ವೆಚ್ಚವಾದರೆ ಆ ವರ್ಷ ಉಳಿದವರೆಲ್ಲರಿಗೂ ಸೇರಿ 1 ಲಕ್ಷ ಉಳಿಯುತ್ತದೆ. ಕಂತು ಸಾಮಾನ್ಯವಾಗಿ ಕುಟುಂಬದ ಹಿರಿಯ ಸದಸ್ಯರ ವಯಸ್ಸನ್ನು ಆಧರಿಸಿರುತ್ತದೆ.

ಗುಂಪು ವಿಮೆ: ಉದ್ಯೋಗದಾತ ಅಥವಾ ಸಂಘಟನೆ ತನ್ನವರಿಗಾಗಿ ಪಡೆಯುವ ಪಾಲಿಸಿ. ಗುಂಪಿನಿಂದ ಹೊರಬಂದಾಗ ರಕ್ಷಣೆ ಕೊನೆಗೊಳ್ಳುತ್ತದೆ.

ಟಾಪ್‌ಅಪ್ ಮತ್ತು ಸೂಪರ್ ಟಾಪ್‌ಅಪ್: ಕಡಿತ ಮೊತ್ತಕ್ಕೆ ಮೇಲ್ಪಟ್ಟ ವೆಚ್ಚ ಭರಿಸುವ ಪೂರಕ ಪಾಲಿಸಿಗಳು. ಕಡಿತ ಮೊತ್ತ 3 ಲಕ್ಷ ಇದ್ದು, ಒಂದೇ ವರ್ಷದಲ್ಲಿ 2.5 ಲಕ್ಷ ಮತ್ತು 2 ಲಕ್ಷ ರೂಪಾಯಿಯ ಎರಡು ಬಿಲ್ಲುಗಳು ಬಂದರೆ, ಒಂದೊಂದು ಬಿಲ್ಲನ್ನೂ ಬೇರೆಯಾಗಿ ಲೆಕ್ಕಿಸುವ ಟಾಪ್‌ಅಪ್‌ನಿಂದ ಏನೂ ದೊರೆಯುವುದಿಲ್ಲ. ವರ್ಷದ ಒಟ್ಟು ವೆಚ್ಚವನ್ನು ಲೆಕ್ಕಿಸುವ ಸೂಪರ್ ಟಾಪ್‌ಅಪ್‌ನಿಂದ 1.5 ಲಕ್ಷ ದೊರೆಯುತ್ತದೆ.

ಗಂಭೀರ ಕಾಯಿಲೆ ಪಾಲಿಸಿ: ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಪಟ್ಟಿ ಮಾಡಿದ ಕಾಯಿಲೆ ಷರತ್ತುಗಳಿಗೆ ಅನುಗುಣವಾಗಿ ಪತ್ತೆಯಾದಾಗ, ಬಿಲ್ಲು ಎಷ್ಟಾದರೂ, ನಿಗದಿತ ಹಣವನ್ನು ಇಡಿಯಾಗಿ ಕೊಡುತ್ತದೆ.

ದಿನಭತ್ಯೆ ಪಾಲಿಸಿ: ಆಸ್ಪತ್ರೆಯಲ್ಲಿ ದಾಖಲಾದ ಪ್ರತಿ ದಿನಕ್ಕೆ ಗೊತ್ತುಪಡಿಸಿದ ಹಣ ನೀಡುತ್ತದೆ.

ಪ್ರಮಾಣಿತ ಪಾಲಿಸಿ: ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ 2020ರ ಏಪ್ರಿಲ್ 1ರಿಂದ ಕಂಪನಿಗಳು ಒಂದೇ ಬಗೆಯ ಷರತ್ತುಗಳೊಂದಿಗೆ ಮಾರುವ ಆರೋಗ್ಯ ಸಂಜೀವನಿ ಪಾಲಿಸಿ ಇದು. ಸಹಪಾವತಿ ಶೇ 5. ಕೊಠಡಿ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂಪಾಯಿ. ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳ ವೆಚ್ಚ ಸೇರಿದೆ. ಷರತ್ತು ಒಂದೇ ಆದರೂ ಕಂತು ಕಂಪನಿಯಿಂದ ಕಂಪನಿಗೆ ಬೇರೆ. ಹೆಸರಿನ ಹೋಲಿಕೆ ಇದ್ದರೂ ಈ ಪಾಲಿಸಿಗೂ ಸರ್ಕಾರಿ ನೌಕರರ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಗೂ ಸಂಬಂಧವಿಲ್ಲ.

ಆರೋಗ್ಯ ವಿಮೆಯಲ್ಲದ ಸೌಲಭ್ಯಗಳು

ಆಸ್ಪತ್ರೆಗಳು ಹೊರಡಿಸುವ ರಿಯಾಯಿತಿ ಕಾರ್ಡ್ ಬಿಲ್ಲಿನಲ್ಲಿ ಸೋಡಿ ಮಾತ್ರ ಕೊಡುತ್ತದೆ. ಆಭಾ ಸಂಖ್ಯೆ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ರೂಪದಲ್ಲಿ ಜೋಡಿಸುವ ಗುರುತಿನ ಸಂಖ್ಯೆ. ಅದರಿಂದಲೇ ಚಿಕಿತ್ಸಾ ವೆಚ್ಚ ಸಿಗುವುದಿಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದಿಂದಾಗುವ ಸಾವು ಮತ್ತು ಅಂಗವೈಕಲ್ಯಕ್ಕೆ ಪರಿಹಾರ ನೀಡುತ್ತದೆ. ಆಸ್ಪತ್ರೆಯ ಬಿಲ್ಲನ್ನು ಭರಿಸುವುದಿಲ್ಲ.

ಆಯ್ಕೆಯ ಆಧಾರಗಳು

ಅರ್ಹತೆ: ಮೊದಲ ನಾಲ್ಕು ಬಗೆಗಳಲ್ಲಿ ಆಯ್ಕೆಗಿಂತ ಅರ್ಹತೆ ಮುಖ್ಯ. ಪಡಿತರ ಚೀಟಿ, ಸಹಕಾರ ಸಂಘದ ಸದಸ್ಯತ್ವ ಅಥವಾ ಉದ್ಯೋಗ ಅದನ್ನು ನಿರ್ಧರಿಸುತ್ತದೆ. ಹಣ ಕೊಟ್ಟು ಕೊಳ್ಳುವ ಪಾಲಿಸಿಯಲ್ಲಿ ವಯಸ್ಸು ಮತ್ತು ಆರೋಗ್ಯ ಸ್ಥಿತಿ ಕಂತನ್ನು ಪ್ರಭಾವಿಸುತ್ತವೆ.

ಆಸ್ಪತ್ರೆಯ ಲಭ್ಯತೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆ, ಮುಂದಿನ ಹಂತ ತುಮಕೂರಿನ ಜಿಲ್ಲಾ ಆಸ್ಪತ್ರೆ. ಹೃದ್ರೋಗಕ್ಕೆ ಜಯದೇವ, ಕ್ಯಾನ್ಸರ್‌ಗೆ ಕಿದ್ವಾಯಿ, ನರರೋಗಕ್ಕೆ ನಿಮ್ಹಾನ್ಸ್ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ಶಿಫಾರಸು ಪತ್ರ ಬೇಕಾದ ಯೋಜನೆಯಲ್ಲಿ ಚಿಕಿತ್ಸೆ ಈ ಏಣಿಯಂತೆ ಸಾಗುತ್ತದೆ. ಖಾಸಗಿ ಪಾಲಿಸಿಯಲ್ಲಿ ನೇರವಾಗಿ ಯಾವ ಆಸ್ಪತ್ರೆಗಾದರೂ ಹೋಗಬಹುದಾದರೂ ನಗದುರಹಿತ ಸೌಲಭ್ಯ ಮುಖ್ಯವಾಗಿ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ನೆಟ್‌ವರ್ಕ್‌ನ ಹೊರಗೂ ಅದನ್ನು ವಿಸ್ತರಿಸುವ ಕ್ರಮವನ್ನು ಸಾಮಾನ್ಯ ವಿಮಾ ಮಂಡಳಿ 2024ರ ಜನವರಿಯಲ್ಲಿ ಆರಂಭಿಸಿತು. ಪೂರ್ವನಿಗದಿತ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತು ದಾಖಲಾತಿಯಾದರೆ 48 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು.

ಕೊಠಡಿ ಬಾಡಿಗೆಯ ಮಿತಿ: ಮಿತಿ ಮೀರಿದ ಕೊಠಡಿ ಪಡೆದರೆ, ಪಾಲಿಸಿಯ ಷರತ್ತಿನಂತೆ ವೈದ್ಯರ ಶುಲ್ಕ, ಶುಶ್ರೂಷೆ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ದಿನಕ್ಕೆ 5,000 ರೂಪಾಯಿ ಮಿತಿ ಇರುವವರು 10,000 ರೂಪಾಯಿಯ ಕೊಠಡಿಯಲ್ಲಿದ್ದು ಈ ಶುಲ್ಕಗಳು 60,000 ರೂಪಾಯಿ ಆಗಿದ್ದರೆ ಕಂಪನಿ 30,000 ರೂಪಾಯಿಯನ್ನಷ್ಟೇ ಪರಿಗಣಿಸುತ್ತದೆ. ಔಷಧ, ಇಂಪ್ಲಾಂಟ್ ಮತ್ತು ಪ್ರಯೋಗಾಲಯ ಪರೀಕ್ಷೆಗಳಿಗೆ ಈ ಕಡಿತ ಅನ್ವಯಿಸುವುದಿಲ್ಲ.

ಕಾಯಿಲೆಯ ಇತಿಹಾಸ: ಮಧುಮೇಹ, ರಕ್ತದೊತ್ತಡ ಮೊದಲಾದವನ್ನು ಪ್ರಸ್ತಾವನಾ ಪತ್ರದಲ್ಲಿ ನಮೂದಿಸುವುದು ಕಡ್ಡಾಯ. ಮುಚ್ಚಿಟ್ಟದ್ದು ತಿಳಿದುಬಂದರೆ ಹಣದ ಬೇಡಿಕೆ (ಕ್ಲೇಮು) ತಿರಸ್ಕೃತವಾಗಬಹುದು. ಸತತ 60 ತಿಂಗಳು ನವೀಕರಿಸಿದ ಪಾಲಿಸಿಯನ್ನು ವಂಚನೆ ಸಾಬೀತಾದ ಹೊರತು ಈ ಕಾರಣಕ್ಕೆ ಪ್ರಶ್ನಿಸುವಂತಿಲ್ಲ.

ಯೋಜನೆಗಳ ಜೋಡಣೆ: ವೆಚ್ಚ ಭರಿಸುವ ಎರಡು ಪಾಲಿಸಿಗಳಿದ್ದರೂ ಒಟ್ಟು ಪಾವತಿ ನಿಜವಾದ ವೆಚ್ಚವನ್ನು ಮೀರುವಂತಿಲ್ಲ. ಗಂಭೀರ ಕಾಯಿಲೆ ಮತ್ತು ದಿನಭತ್ಯೆ ಪಾಲಿಸಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಬಳಕೆಯ ಕ್ರಮ

ಆಯುಷ್ಮಾನ್ ಯೋಜನೆಗೆ ಆಧಾರ್ ಮತ್ತು ಪಡಿತರ ಚೀಟಿ ಮೂಲ ದಾಖಲೆಗಳು. ಗ್ರಾಮ ಒನ್ ಮತ್ತು ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ಕಾರ್ಡ್ ಪಡೆಯಬಹುದು. ಖಾಸಗಿ ಪಾಲಿಸಿಯಲ್ಲಿ ಆಸ್ಪತ್ರೆಯ ವಿಮಾ ವಿಭಾಗ ಪೂರ್ವಾನುಮತಿಗಾಗಿ ಕಂಪನಿಗೆ ಅಥವಾ ಟಿಪಿಎಗೆ ಕೋರಿಕೆ ಕಳುಹಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯಂತೆ ನಗದುರಹಿತ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅಂತಿಮ ಒಪ್ಪಿಗೆಗೆ ಮೂರು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಮರುಪಾವತಿಗೆ ಮೂಲ ಬಿಲ್ಲು, ಬಿಡುಗಡೆ ಸಾರಾಂಶ, ಪರೀಕ್ಷಾ ವರದಿ ಮತ್ತು ಔಷಧ ಚೀಟಿಗಳು ಬೇಕು.

ಹೊಸ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ನವೀಕರಣದ ಸಮಯದಲ್ಲಿ, ಪೂರೈಸಿದ ಕಾಯುವ ಅವಧಿಯ ಲೆಕ್ಕ ಉಳಿಸಿಕೊಂಡು ಮತ್ತೊಂದು ಕಂಪನಿಗೆ ವರ್ಗಾಯಿಸಿಕೊಳ್ಳಲೂ ಅವಕಾಶವಿದೆ.

ದೂರು ಪರಿಹಾರ

ಖಾಸಗಿ ಪಾಲಿಸಿಯ ದೂರನ್ನು ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಸಲ್ಲಿಸಬೇಕು. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಮತ್ತು 155255 ದೂರವಾಣಿಯ ಮೂಲಕವೂ ದೂರು ದಾಖಲಿಸಬಹುದು. ಅಲ್ಲಿ ಇತ್ಯರ್ಥವಾಗದ 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ವಿಮಾ ಲೋಕಪಾಲರು ಶುಲ್ಕವಿಲ್ಲದೆ ವಿಚಾರಿಸುತ್ತಾರೆ. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕೂ ಉಂಟು.

ಇಂದಿನ ಸ್ಥಿತಿ

2024ರ ಏಪ್ರಿಲ್‌ನಿಂದ ಹೊಸ ಪಾಲಿಸಿ ಪಡೆಯಲು 65 ವರ್ಷದ ಮಿತಿ ಉಳಿದಿಲ್ಲ. ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿಗಳನ್ನು ರೂಪಿಸಬೇಕಾಗಿದೆ. 2017ರ ಮಾನಸಿಕ ಆರೋಗ್ಯ ಕಾನೂನಿನಂತೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಗೆ ಸಮಾನವಾದ ವಿಮಾ ರಕ್ಷಣೆ ಕೊಡಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆಯ್ದುಕೊಂಡವರಿಗೆ ಕಂತಿನ ಮೇಲೆ ನಿಗದಿತ ಮಿತಿಯವರೆಗೆ ವಿನಾಯಿತಿ ಇದೆ. ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಕಂತಿನ ಮೇಲಿದ್ದ ಶೇ 18ರ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.